ಕಾಯಿ ಕುಡಿದ ಗಂಟಲು

ಆ ಭಾನುವಾರ ನನ್ನ ಸೋದರಮಾವನ ಕೊಬ್ಬರಿ ಮನೆಯಲ್ಲಿ ನಾವು ಐದು ಜನ ಇದ್ದೆವು. ಬಾಗಿಲ ಹತ್ತಿರ, ಮಗುಚಿ ಹಾಕಿದ ಟೊಮೆಟೊ ಕ್ರೇಟಿನ ಮೇಲೆ ಮಾವ, ತೊಡೆಯ ಮೇಲೆ ಎಲೆಯಡಿಕೆ ಚೀಲ ಬಿಚ್ಚಿಕೊಂಡು. ಮೂಲೆಯಲ್ಲಿ ಡ್ರಮ್ಮುಗಳ ಹಿಂದೆ ಅಜ್ಜಂಪುರದವನು. ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸ ಅವನದು, ವಾರವಿಡೀ ಜಲ್ಲಿಕಲ್ಲಿನ ಮೇಲೆ ನಡೆದು ಬಂದ ಕಾಲಿನಲ್ಲೇ ಪೆಡಲ್ ತುಳಿಯಬೇಕು. ಕೀಬೋರ್ಡಿನ ಮುಂದೆ ತರೀಕೆರೆಯವಳು. ಆಸ್ಪತ್ರೆಯಲ್ಲಿ ನರ್ಸು, ಪಾಳಿ ಮುಗಿಸಿ ಮನೆಗೂ ಹೋಗದೆ ರೈಲು ಹತ್ತಿದ್ದಳು. ನಡುವೆ ಗಿಟಾರು ನೇತುಹಾಕಿಕೊಂಡು ಯಗಟಿಯವನು. ಅವನ ಪಕ್ಕ, ದಪ್ಪ ತಂತಿಯ ಬೇಸ್ ಗಿಟಾರು ಹಿಡಿದುಕೊಂಡು ನಾನು. ಬೀರೂರಿನಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ನಮ್ಮೆಲ್ಲರ ತಲೆಯ ಮೇಲೆ ಅಟ್ಟ, ಅಟ್ಟದ ತುಂಬ ಆಗಷ್ಟೇ ಏರಿಸಿದ ಹಸಿ ತೆಂಗಿನಕಾಯಿ.

ನಾವು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ. ಕಡೂರಿನಲ್ಲಿ ಹಾಸ್ಟೆಲಿನಲ್ಲಿದ್ದಾಗ ಅಂಟಿಕೊಂಡ ಅಭ್ಯಾಸ, ಊರೇ ಹೆಸರು. ಲೇ ಯಗಟಿ, ಏ ಅಜ್ಜಂಪುರ, ಹೀಗೆ. ತರೀಕೆರೆ ಆಮೇಲೆ ಬಂದು ಸೇರಿದವಳು, ಅವಳಿಗೂ ಅದೇ ಆಯಿತು. ನಾನು ಬೀರೂರು. ಬ್ಯಾಂಡಿಗೆ ಒಂದು ಇಂಗ್ಲಿಷ್ ಹೆಸರೂ ಉಂಟು. ಅದು ಮಾವನ ನಾಲಿಗೆಗೆ ಇವತ್ತಿನವರೆಗೂ ಹತ್ತಿಲ್ಲ. ನಾವು ಹಾಕುವ ಕಪ್ಪು ಟೀಶರ್ಟು ನೋಡಿ ಅವರು ಇಟ್ಟ ಹೆಸರು ‘ಕರಿ ಅಂಗಿಯೋರು’.

ಅವತ್ತು ಎತ್ತಿಕೊಂಡದ್ದು ಹಳೆಯ ಹಾಡೇ, ನೂರಾರು ಸಲ ನುಡಿಸಿದ್ದು. ಯಗಟಿ ಹಾಡಬೇಕಾದ ಸಾಲು ಬಂತು. ಬಾಯಿ ತೆರೆದ. ಸೈಕಲ್ ಟ್ಯೂಬಿನಿಂದ ಬರುವ ಹಾಗೆ ಬರೀ ಗಾಳಿ ಬಂತು. ಡ್ರಮ್ಮು ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತಿತು.

ಅವನು ಮೇಲೆ ಅಟ್ಟ ನೋಡಿ ನಕ್ಕ. “ಹಸಿ ಕಾಯಿ ಕಣ್ರೋ. ಎಲ್ಲಾ ಕುಡ್ಕೊಂಡ್ಬಿಡ್ತವೆ.”

ನಾವೂ ನಕ್ಕೆವು. ತರೀಕೆರೆ ಮಾತ್ರ ನಗಲಿಲ್ಲ, ಅವನ ಕುತ್ತಿಗೆಯನ್ನೇ ನೋಡುತ್ತಿದ್ದಳು.

ಕಾಯಿ ಕುಡಿಯುವುದು ಅಂದರೇನು ಅಂತ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರು ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಮರೆತುಬಿಡುತ್ತಾರೆ. ಒಂದು ವರ್ಷದ ಹತ್ತಿರ ಹತ್ತಿರ ಅವು ಅಲ್ಲೇ ಮಲಗಿರಬೇಕು. ಒಳಗಿನ ನೀರು ಇಂಗುತ್ತದೆ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ, ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆ. ಲೊಡಲೊಡ ಅಂದರೆ ಇಳಿಸುವ ಕಾಲ ಬಂತು ಅಂತ. ಅಲ್ಲಿಯವರೆಗೆ ಅಟ್ಟ ಅಂದರೆ ನಾರಿನ ಗುಡ್ಡ. ಅದರ ಕೆಳಗೆ ನಿಂತು ಕೂಗಿದರೆ ಕೂಗು ಮೇಲಕ್ಕೆ ಹೋಗುತ್ತದೆ, ವಾಪಸು ಬರುವುದಿಲ್ಲ; ಕಾಯಿ ಕುಡಿಯುತ್ತವೆ ಅನ್ನುವುದು ಇದಕ್ಕೇ. ಯಾಕೆ ಆ ಜಾಗ ಹಿಡಿದೆವು ಅಂದರೆ ಬೇರೆ ಜಾಗ ಯಾರೂ ಕೊಡಲಿಲ್ಲ. ಕಡೂರಿನಿಂದ ಯಗಟಿ ಕಡೆಗೆ ಹೋಗುವ ದಾರಿಯಲ್ಲಿ, ತೋಟದ ನಡುವೆ, ಸುತ್ತ ಮನೆಯಿಲ್ಲದ ಕಡೆ ಇದೊಂದು ಕೊಬ್ಬರಿ ಮನೆ. ಮಾವ ಬೀಗದ ಕೈ ಕೊಡುವಾಗ ಒಂದೇ ಮಾತು ಹೇಳಿದ್ದರು: ಬೀಡಿ ಹಚ್ಚಬಾರದು.

ಗಾಥಿಕ್ ಮೆಟಲ್ ಅಂದರೆ ಏನು ಅಂತ ಬೀರೂರು ಸ್ಟೇಷನ್ನಿನ ಎದುರಿನ ಚಹಾ ಅಂಗಡಿಯಲ್ಲಿ ಎಷ್ಟು ಜನಕ್ಕೆ ಬಿಡಿಸಿ ಹೇಳಿದ್ದೇನೋ ನನಗೇ ಲೆಕ್ಕವಿಲ್ಲ. ಗಿಟಾರು ಕಬ್ಬಿಣ ಎಳೆದ ಹಾಗಿರುತ್ತದೆ, ನಡೆ ನಿಧಾನ, ಕೀಬೋರ್ಡು ಇಗರ್ಜಿಯೊಳಗೆ ಕೂತ ಹಾಗೆ ಮೊರೆಯುತ್ತದೆ, ಹಾಡೆಲ್ಲ ಸತ್ತವರ ಕುರಿತು, ಸಾಯಲಿರುವವರ ಕುರಿತು. ಅದರಲ್ಲಿ ಒಂದು ಗಂಟಲು ತಿಳಿಯಾಗಿ ಹಾಡುತ್ತದೆ, ಇನ್ನೊಂದು ಗುಟುರು ಹಾಕುತ್ತದೆ. ಈ ಗುಟುರಿಗೆ ಗ್ರೌಲ್ ಅನ್ನುತ್ತಾರೆ. ಒಮ್ಮೆ ಒಬ್ಬರು ಹಿರಿಯರು ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡು, ಮದುವೆಗೆ ಬರ್ತೀರಾ ಅಂತ ಕೇಳಿದರು.

ಗುಟುರು ಯಗಟಿಯದು. ಅವರ ಮನೆಯಲ್ಲಿ ಕುರಿ ಇದ್ದವು. ಬೇಸಗೆಯಲ್ಲಿ ರಾತ್ರಿ ಹೊಲದಲ್ಲಿ ಕುರಿ ತರುಬಿ ಮಲಗಿಸಿದಾಗ, ತೋಳ ಸುಳಿದರೆ ಅವನ ಅಜ್ಜ ಹೊಟ್ಟೆಯಿಂದ ಒಂದು ಸದ್ದು ತೆಗೆಯುತ್ತಿದ್ದರಂತೆ. ಅದಕ್ಕೆ ಮಾತಿಲ್ಲ, ಬೈಗುಳವೂ ಅಲ್ಲ, ಬಾವಿಯೊಳಗೆ ಬಂಡೆ ಉರುಳಿದ ಹಾಗೆ. ಹಾಸ್ಟೆಲಿನಲ್ಲಿ ಯಾರದೋ ಫೋನಿನಲ್ಲಿ ಯಾವುದೋ ಹಿಮದ ದೇಶದ ಬ್ಯಾಂಡಿನ ಹಾಡು ಹಾಕಿದಾಗ ನಾವೆಲ್ಲ ಹೆದರಿದೆವು. ಇವನು ಒಬ್ಬನೇ ಕಿವಿ ಮುಂದೆ ಮಾಡಿ, “ಇದು ನಮ್ಮಜ್ಜಂಗೆ ಬತ್ತಿತ್ತಲ್ಲೋ” ಅಂದ. ಬ್ಯಾಂಡು ಹುಟ್ಟಿದ್ದು ಆ ಮಾತಿನಿಂದ.

ಮೊದಮೊದಲು ನಮ್ಮ ಸದ್ದಿಗೆ ಬರೀ ವೇಗ. ಅವನು, ನಾನು, ಅಜ್ಜಂಪುರ, ಮೂರೇ ಜನ. ಹಾಡಿನ ಉದ್ದಕ್ಕೂ ಗುಟುರೇ. ಮಾತುಗಳು ಇಂಗ್ಲಿಷು, ಅದರ ತುಂಬ ಹಿಮ, ಕೋಟೆ, ಕಲ್ಲಿನ ಗೋರಿ, ಮೇಣದ ಬತ್ತಿ. ನಮ್ಮಲ್ಲಿ ಯಾರೂ ಹಿಮ ನೋಡಿದವರಲ್ಲ. ಮಾವ ಒಂದು ದಿನ ಅರ್ಥ ಕೇಳಿದರು. ಹೇಳಿದೆವು. ಎಲೆಗೆ ಸುಣ್ಣ ಹಚ್ಚಿ ಮಡಿಸುತ್ತ, “ಅಷ್ಟೊಂದು ಚಳಿ ಇದ್ರೆ ಆ ಮನುಷ್ಯ ಒಳಗೆ ಹೋಗ್ಬಾರ್ದಾ?” ಅಂದರು. ನಗುವಿನಲ್ಲಿ ಆ ಹಾಡು ಅವತ್ತಿಗೇ ಸತ್ತಿತು. ಮತ್ತೆ ಅದನ್ನು ನುಡಿಸಲು ಹೋದಾಗಲೆಲ್ಲ ಅಜ್ಜಂಪುರ ಡ್ರಮ್ಮಿನ ಹಿಂದಿನಿಂದ, “ಲೇ, ಒಳಗೆ ಹೋಗಪ್ಪ” ಅನ್ನುತ್ತಿದ್ದ.

ಆಮೇಲೆ ತರೀಕೆರೆ ಬಂದಳು. ಅವಳ ದನಿ ತೆಳು, ಆದರೆ ಅಲುಗದ ದನಿ. ರೋಗಿಯ ಕೈ ಹಿಡಿದು ಸೂಜಿ ಚುಚ್ಚುವಾಗ ಇರಬೇಕಲ್ಲ, ಆ ಥರದ್ದು. ಅವಳು ಬಂದ ಮೇಲೆ ನಮ್ಮ ಓಟ ನಿಂತಿತು. ಎರಡು ಸಾಲು ಅವಳು, ಎರಡು ಸಾಲು ಅವನು. ಅವಳು ಹಾಡಿ ಬಿಟ್ಟ ಜಾಗಕ್ಕೆ ಅವನ ಗುಟುರು ಬಂದು ಕೂರುತ್ತಿತ್ತು, ಹೊಸಿಲ ಆಚೆ ಒಬ್ಬರು ಈಚೆ ಒಬ್ಬರು ನಿಂತು ಮಾತಾಡಿಕೊಂಡ ಹಾಗೆ. ಇಂಗ್ಲಿಷ್ ಬಿಡೋಣ ಅಂತ ಹೇಳಿದವಳೂ ಅವಳೇ. ಆಸ್ಪತ್ರೆಯಲ್ಲಿ ಯಾರೂ ಇಂಗ್ಲಿಷಿನಲ್ಲಿ ಸಾಯುವುದನ್ನು ತಾನು ನೋಡಿಲ್ಲ ಅಂದಳು. ಅಲ್ಲಿಂದ ಮಾತು ಕಟ್ಟುವ ಕೆಲಸ ನನ್ನ ತಲೆಗೆ ಬಂತು. ನನ್ನ ಅಜ್ಜಿಯ ಬಾಯಿಂದ, ಮಾವನ ಬಾಯಿಂದ ಕೇಳಿದ್ದೇ ನನ್ನ ಬಂಡವಾಳ. ನೀರಿಲ್ಲದ ಬಾವಿ, ದೀಪ ಹಚ್ಚದ ಗೂಡು, ಯಾರೂ ಇಳಿಯದ ಸ್ಟೇಷನ್ನು, ಇವೆಲ್ಲ ಹಾಡಿಗೆ ಬಂದವು. ಅಜ್ಜಂಪುರ ಮಾತ್ರ ತನ್ನ ರೈಲ್ವೆ ಗ್ಯಾಂಗಿನವರು ಕೇಳಿದರೆ ನಗುತ್ತಾರೆ ಅಂತ ತಕರಾರು ತೆಗೆದ. ಹಳಿಯ ಮೇಲೆ ಸತ್ತ ನಾಯಿಯ ಬಗ್ಗೆ ಒಂದು ಹಾಡು ಮಾಡಿದ ಮೇಲೆ ಸುಮ್ಮನಾದ.

ಅಟ್ಟ ನಮ್ಮೊಂದಿಗೆ ಸೇರಿಕೊಂಡದ್ದೂ ಆ ಕಾಲದಲ್ಲೇ. ಒಂದು ಸಲ ಕಾಯಿ ಪೂರ್ತಿ ಒಣಗಿದ್ದ ತಿಂಗಳು, ನಾನು ನನ್ನ ದಪ್ಪ ತಂತಿಯ ಅತಿ ಕೆಳಗಿನ ಸ್ವರ ಎಳೆದೆ. ಮೇಲೆ ಉತ್ತರದ ಮೂಲೆಯಿಂದ ಲೊಡಲೊಡ ಅಂತ ಶುರುವಾಯಿತು. ಸದ್ದಿನ ನಡುಕಕ್ಕೆ ಚಿಪ್ಪಿನೊಳಗಿನ ಉಂಡೆಗಳು ಕುಣಿಯುತ್ತಿದ್ದವು. ನಾವು ಗಾಬರಿಯಾಗಿ ನಿಲ್ಲಿಸಿದೆವು. ಮಾವ ಕ್ರೇಟಿನಿಂದ ಎದ್ದು ನಿಂತರು. “ಇನ್ನೊಂದ್ಸಲ ಹೊಡಿಯೋ, ಅದೇ ದಪ್ಪಂದು” ಅಂದರು. ಹೊಡೆದೆ. ಅವರು ಕಣ್ಣು ಮುಚ್ಚಿ ಅಟ್ಟದ ಕೆಳಗೆಲ್ಲ ಓಡಾಡಿ ಕೇಳಿದರು. ಉತ್ತರದ್ದು ಆಗಿದೆ, ಬಾಗಿಲ ಕಡೇದು ಇನ್ನೂ ಹಸಿ ಇದೆ ಅಂತ ತೀರ್ಮಾನ ಕೊಟ್ಟರು. ಅವತ್ತಿನಿಂದ ಅವರು ಏಣಿ ಹತ್ತಿ ಕಾಯಿ ಅಲ್ಲಾಡಿಸಿ ನೋಡುವುದು ಬಿಟ್ಟರು. ಇಳಿಸುವ ಕಾಲ ಹತ್ತಿರ ಬಂದರೆ, ಕರಿ ಅಂಗಿಯೋರು ಯಾವತ್ತು ಬರ್ತಾರೆ ಅಂತ ಮನೆಯಲ್ಲಿ ವಿಚಾರಿಸುತ್ತಿದ್ದರಂತೆ.

ನಮ್ಮ ಎರಡನೆಯ ಆಲ್ಬಮ್ಮನ್ನು ಆ ಮನೆಯಲ್ಲೇ ರೆಕಾರ್ಡ್ ಮಾಡಿದೆವು. ಎಷ್ಟು ಜಾಗ್ರತೆ ಮಾಡಿದರೂ ಲೊಡಲೊಡ ಒಳಗೆ ಸೇರಿತು. ಬೆಂಗಳೂರಿನಲ್ಲಿ ಮಿಕ್ಸ್ ಮಾಡುವವರು ಅದನ್ನು ತೆಗೆಯಲು ಎರಡು ದಿನ ಒದ್ದಾಡಿ ಕೈಬಿಟ್ಟರು. ಆಲ್ಬಮ್ಮೇ ಕೆಟ್ಟಿತು ಅಂದುಕೊಂಡೆವು. ಆಮೇಲೆ ನೋಡಿದರೆ ಜನ ಹಿಡಿದುಕೊಂಡದ್ದೇ ಅದನ್ನು. ಇಂಟರ್ನೆಟ್ಟಿನಲ್ಲಿ ಯಾವುದೋ ದೂರದ ದೇಶದವನು, ಆ ಮೂಳೆ ಅಲ್ಲಾಡಿಸಿದಂಥ ಸದ್ದು ಯಾವ ವಾದ್ಯದ್ದು ಅಂತ ಕೇಳಿದ್ದ. ತೆಂಗಿನಕಾಯಿ ಅಂತ ಬರೆದೆವು. ಅವನು ನಂಬಲಿಲ್ಲ.

ಇಷ್ಟು ವರ್ಷಗಳಲ್ಲಿ ನಮ್ಮ ವೃತ್ತಿ ಅಂತ ಹೇಳಿಕೊಳ್ಳುವುದು ಇಷ್ಟೇ. ಮೂರು ಆಲ್ಬಮ್ಮು, ಕೆಲವು ಕಾಲೇಜು ಸಮಾರಂಭ, ಬೆಂಗಳೂರಿನ ಒಂದೆರಡು ಚಿಕ್ಕ ಹಾಲು, ತರೀಕೆರೆಯಲ್ಲಿ ಒಂದು ಪೆಂಡಾಲು. ಅಲ್ಲಿ ಎರಡನೇ ಹಾಡಿಗೆ ಮೈಕಿನವರು ತಾವಾಗಿಯೇ ಜನರೇಟರ್ ಆಫ್ ಮಾಡಿದರು. ಉಳಿದದ್ದು ಭಾನುವಾರಗಳು. ಹೆಂಡತಿ ಮಕ್ಕಳು, ಪಾಳಿ, ಮೈಕೈ ನೋವು, ಇವುಗಳ ನಡುವೆ ಉಳಿಸಿಕೊಂಡ ಭಾನುವಾರಗಳು. ಮೊದಲು ಆಂಪ್ಲಿಫೈಯರನ್ನು ಒಬ್ಬನೇ ಎತ್ತಿ ನನ್ನ ಅಂಗಡಿಯ ಲಗೇಜ್ ಆಟೊಗೆ ಇಡುತ್ತಿದ್ದೆ. ಈಗ ಅಜ್ಜಂಪುರ ಒಂದು ಕಡೆ ಹಿಡಿಯಬೇಕು, ಇಟ್ಟ ಮೇಲೆ ಇಬ್ಬರೂ ಅದಕ್ಕೇ ಒರಗಿ ಸ್ವಲ್ಪ ಹೊತ್ತು ನಿಲ್ಲಬೇಕು.

ಯಗಟಿಯ ಮಾತಿಗೆ ಬರುತ್ತೇನೆ. ಅವನ ಹೊಟ್ಟೆಪಾಡೂ ಗಂಟಲಿನದೇ. ಬೆಳಿಗ್ಗೆ ಮಂಡಿಯಲ್ಲಿ ಹರಾಜು ಕೂಗುವ ಕೆಲಸ. ಈರುಳ್ಳಿ, ಮೆಣಸಿನಕಾಯಿ, ತೆಂಗಿನಕಾಯಿ, ಯಾವುದು ಬಂದರೂ ಗುಡ್ಡೆಯ ಪಕ್ಕ ನಿಂತು, ಕೊಳ್ಳುವವರ ಕಣ್ಣು ನೋಡಿ ದರ ಏರಿಸುತ್ತ ಹೋಗಬೇಕು. ಲಾರಿಗಳ ಹಾರ್ನು, ಹಮಾಲರ ಗದ್ದಲ ಎಲ್ಲದರ ಮೇಲೆ ಅವನ ದನಿ ಏಳಬೇಕು. ವಾರದ ಆರು ದಿನ ಅದು, ಏಳನೇ ದಿನ ಇದು. ಅದರ ಮೇಲೆ ಅಟ್ಟ. ತುಂಬಿದ ಅಟ್ಟದ ಕೆಳಗೆ ನಮ್ಮ ಸದ್ದು ಒಣಗಿ, ಹತ್ತಿರ ಬಂದು, ಕಿವಿಯ ಪಕ್ಕವೇ ಕೂತ ಹಾಗೆ ಕೇಳುತ್ತಿತ್ತು. ಅದು ನಮಗೆ ಇಷ್ಟ. ಅದಕ್ಕೇ ಕಾಯಿ ತುಂಬಿದ ತಿಂಗಳುಗಳಲ್ಲೇ ಹೆಚ್ಚು ಅಭ್ಯಾಸ, ರೆಕಾರ್ಡಿಂಗು ಎಲ್ಲ. ಆದರೆ ಅಲ್ಲಿ ಹಾಡುವವನಿಗೆ ತನ್ನ ದನಿ ತನಗೇ ಕೇಳಿಸುವುದಿಲ್ಲ. ಕೇಳಿಸದಿದ್ದರೆ ಇನ್ನಷ್ಟು ತಳ್ಳುತ್ತಾನೆ. ಯಗಟಿ ವರ್ಷಗಟ್ಟಲೆ ಹಾಗೆ ತಳ್ಳುತ್ತಿದ್ದ, ನಾವು ಎಷ್ಟು ಚೆನ್ನಾಗಿ ಬರ್ತಿದೆ ಅಂತ ತಲೆದೂಗುತ್ತಿದ್ದೆವು.

ಅವತ್ತು ತರೀಕೆರೆ ಅವನನ್ನು ಹೊರಗೆ ಬೆಳಕಿಗೆ ಕರೆದುಕೊಂಡು ಹೋಗಿ ಬಾಯಿ ತೆರೆಸಿ ನೋಡಿದಳು. ಅವಳಿಗೂ ಏನೂ ಕಾಣಲಿಲ್ಲವಂತೆ, ಆದರೆ ಮಂಗಳವಾರ ಶಿವಮೊಗ್ಗಕ್ಕೆ ತಾನೇ ಕರೆದುಕೊಂಡು ಹೋದಳು. ಅಲ್ಲಿ ಗಂಟಲಿನ ಡಾಕ್ಟರು ಒಂದು ಸಣ್ಣ ಕ್ಯಾಮರಾ ಇಳಿಸಿ ನೋಡಿ, ದನಿಯ ತಂತಿಗಳ ಮೇಲೆ ಗಂಟು ಕಟ್ಟಿದೆ ಅಂದರು. ಕೆಲವು ವಾರ ಒಂದು ಮಾತೂ ಆಡಬಾರದು, ಪಿಸುಗುಡುವುದೂ ಬೇಡ. ಆಮೇಲೆ ಮೆಲ್ಲಗೆ ಮಾತು. ಗುಟುರು ಮಾತ್ರ ಇನ್ನು ಬೇಡ. ಹಟ ಮಾಡಿದರೆ ಮಂಡಿಯ ದನಿಯೂ ಹೋಗುತ್ತದೆ.

ಇದಾದದ್ದು ಎಂಥ ಹೊತ್ತಿನಲ್ಲಿ ಅಂದರೆ, ನಾವು ಇಷ್ಟು ವರ್ಷ ಕಾದಿದ್ದ ಒಂದು ಕರೆ ಆಗತಾನೆ ಬಂದಿತ್ತು. ಬೆಂಗಳೂರಿಗೆ ಹೊರದೇಶದ ಒಂದು ಬ್ಯಾಂಡು ಬರುವುದಿತ್ತು, ಹಾಸ್ಟೆಲಿನಲ್ಲಿ ನಾವು ಪೋಸ್ಟರ್ ಅಂಟಿಸಿಕೊಂಡಿದ್ದಂಥ ಬ್ಯಾಂಡು. ಅವರಿಗಿಂತ ಮುಂಚೆ ಅರ್ಧ ಗಂಟೆ ನುಡಿಸಲು ನಮ್ಮನ್ನು ಕರೆದಿದ್ದರು. ಯಗಟಿ ಆ ಸುದ್ದಿ ಕೇಳಿದ ದಿನ ಮಂಡಿಯಲ್ಲಿ ಈರುಳ್ಳಿ ದರವನ್ನು ಗುಟುರಿನಲ್ಲೇ ಕೂಗಿದನಂತೆ, ಹಮಾಲರು ಮೂಟೆ ಕೆಳಗಿಟ್ಟು ನಕ್ಕರಂತೆ. ಅವನು ನಮಗೆ ಕೈಸನ್ನೆಯಲ್ಲಿ ಹೇಳಿದ್ದು ಇಷ್ಟು: ಅಲ್ಲಿಯವರೆಗೆ ಸುಮ್ಮನಿರುತ್ತೇನೆ, ಆ ಅರ್ಧ ಗಂಟೆ ಹಾಡುತ್ತೇನೆ, ಆಮೇಲೆ ಏನಾದರೂ ಆಗಲಿ.

ಎರಡು ದಿನ ಬಿಟ್ಟು ಅವನ ಹೆಂಡತಿ ನನಗೆ ಫೋನ್ ಮಾಡಿದಳು. ಮಂಡಿಯಲ್ಲಿ ಸದ್ಯಕ್ಕೆ ಬೇರೆಯವರನ್ನು ನಿಲ್ಲಿಸಿದ್ದಾರೆ, ದನಿ ಬಂದರೆ ಅವನ ಜಾಗ ಅವನಿಗೆ ಅಂದಿದ್ದಾರೆ, ಬರದಿದ್ದರೆ ಇಲ್ಲ. ಇಷ್ಟನ್ನು ಅಳದೆ ಹೇಳಿದಳು. ನಾನು ಸ್ವಲ್ಪ ಸಮಾಧಾನದ ಮಾತು ಶುರು ಮಾಡಿದೆ. ಅವಳು ತಡೆದಳು.

“ಅಣ್ಣಾ, ಅವ್ರ ಕೈಲಿ ಬ್ಯಾಡ ಅನ್ನಕ್ಕಾಗಲ್ಲ. ನೀವೇ ಅನ್ಬೇಕು.”

ಹೇಳುವುದು ಹೇಗೆ? ಆ ಬ್ಯಾಂಡು ಇದ್ದದ್ದೇ ಅವನ ಗಂಟಲಿನಿಂದ. ನಾನು, ತರೀಕೆರೆ, ಅಜ್ಜಂಪುರ ಮೂವರೂ ಬೀರೂರಿನ ನನ್ನ ಅಂಗಡಿಯಲ್ಲಿ, ತಾಮ್ರದ ತಂತಿಯ ಉರುಳೆಗಳ ನಡುವೆ ಕೂತು ಯೋಚನೆ ಮಾಡಿದೆವು. ಬೇರೆ ಗುಟುರಿನವರನ್ನು ತರೋಣ ಅಂತ ಅಜ್ಜಂಪುರ ಅಂದ, ಅಂದ ಕೂಡಲೇ ಅವನೇ ಬೇಡ ಅಂದ. ತರೀಕೆರೆ ಅವನ ಸಾಲುಗಳನ್ನೂ ತಾನೇ ಹಾಡಬಹುದು, ಆದರೆ ಹಾಗೆ ಮಾಡಿದರೆ ಹೊಸಿಲಿನ ಆಚೆ ಯಾರೂ ಇಲ್ಲದೆ ಒಬ್ಬಳೇ ಮಾತಾಡಿಕೊಂಡ ಹಾಗಾಗುತ್ತದೆ ಅಂದಳು. ಕೊನೆಗೆ ಒಂದು ದಾರಿ ಹೊಳೆಯಿತು. ಅವನ ಸಾಲುಗಳಿದ್ದ ಜಾಗ ಖಾಲಿ ಬಿಡುವುದು. ಅಲ್ಲಿ ನನ್ನ ದಪ್ಪ ತಂತಿಯ ಸ್ವರ ಒಂದೇ, ಅದರ ಮೇಲೆ ಅಟ್ಟದ ಸದ್ದು. ಅಟ್ಟದಲ್ಲಿದ್ದದ್ದು ಹಸಿ ಕಾಯಿ, ಲೊಡಲೊಡ ಅನ್ನಲು ಇನ್ನೂ ತಿಂಗಳುಗಳು ಬೇಕು. ಮಾವನ ಹತ್ತಿರ ಹೋದ ವರ್ಷದ ಒಣಕಾಯಿ ಒಂದಿಷ್ಟು ಉಳಿದಿದ್ದವು. ಅವನ್ನು ಗೋಣಿಚೀಲಕ್ಕೆ ತುಂಬಿ, ನನ್ನ ಸ್ಪೀಕರಿನ ಮೇಲೆ ಮಲಗಿಸಿ ತಂತಿ ಎಳೆದೆವು. ಚೀಲ ಮಾತಾಡಿತು.

ಮುಂದಿನ ಭಾನುವಾರ ಯಗಟಿ ಬಂದ. ಏನೂ ಹೇಳದೆ ಹಾಡು ಶುರು ಮಾಡಿದೆವು. ಅದೇ ನಮ್ಮ ತಪ್ಪು, ಹೇಳಲು ಧೈರ್ಯ ಸಾಲದೆ ನುಡಿಸಿ ತೋರಿಸಿದೆವು. ತರೀಕೆರೆ ಹಾಡಿ ನಿಲ್ಲಿಸಿದಳು. ಅವನ ಸಾಲು ಬರಬೇಕಾದಲ್ಲಿ ಚೀಲ ಲೊಡಲೊಡ ಅಂದಿತು. ಅವನು ಗಿಟಾರು ನುಡಿಸುವುದು ನಿಲ್ಲಿಸಿದ. ಅವನ ಜೇಬಿನಲ್ಲಿ ಯಾವಾಗಲೂ ಸೀಮೆಸುಣ್ಣದ ತುಂಡು ಇರುತ್ತಿತ್ತು, ಮಂಡಿಯಲ್ಲಿ ಮೂಟೆಯ ಮೇಲೆ ಗುರುತು ಹಾಕಲು. ಅದನ್ನು ತೆಗೆದು ನನ್ನ ಆಂಪ್ಲಿಫೈಯರಿನ ಕಪ್ಪು ಮೈಮೇಲೆ ಬರೆದ.

“ನನ್ ಜಾಗಕ್ಕೆ ಕಾಯಿನಾ?”

ಬರೆದು ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು ಹೊರಗೆ ಹೋದ. ನಾವು ಯಾರೂ ಹಿಂದೆ ಹೋಗಲಿಲ್ಲ. ಮಾವ ಹೋದರು. ತೆಂಗಿನ ಮರದ ಬುಡದಲ್ಲಿ ಇಬ್ಬರೂ ಬಹಳ ಹೊತ್ತು ಕೂತಿದ್ದರು. ಒಬ್ಬರು ಮಾತಾಡುವಂತಿಲ್ಲ, ಇನ್ನೊಬ್ಬರ ಬಾಯಿ ತುಂಬ ಎಲೆಯಡಿಕೆ. ಏನು ಹೇಳಿದಿರಿ ಅಂತ ನಾನು ಆಮೇಲೆ ಮಾವನನ್ನು ಕೇಳಿದೆ. ಈ ಸಲದ ಕಾಯಿಗೆ ನುಸಿ ಬಿದ್ದಿದ್ದರ ಬಗ್ಗೆ ಹೇಳಿದೆ ಅಂದರು. ಅಷ್ಟೇನಾ ಅಂದೆ. “ಅವ್ನಿಗೂ ಬ್ಯಾರೆ ಮಾತು ಬ್ಯಾಡವಾಗಿತ್ತು ಕಣೋ” ಅಂದರು.

ಎರಡು ಭಾನುವಾರ ಅವನು ಬರಲಿಲ್ಲ. ಸೀಮೆಸುಣ್ಣದ ಬರಹವನ್ನು ಒರೆಸಲು ನಮಗೆ ಮನಸ್ಸಾಗಲಿಲ್ಲ, ಅದರ ಎದುರೇ ನುಡಿಸಿದೆವು. ಅವನ ಗಿಟಾರಿಲ್ಲದೆ ಹಾಡು ಬಡಕಲಾಗಿ ಕೇಳುತ್ತಿತ್ತು. ಕಾರ್ಯಕ್ರಮ ಬೇಡ ಅಂತ ಬೆಂಗಳೂರಿಗೆ ಹೇಳಿಬಿಡೋಣ ಅನ್ನುವ ಮಾತೂ ಬಂತು. ತರೀಕೆರೆ ರೈಲಿನಲ್ಲಿ ನಿದ್ದೆಗೆಟ್ಟು ಬಂದು, ಕೀಬೋರ್ಡಿನ ಮೇಲೆ ತಲೆಯಿಟ್ಟು ಮಲಗಿ, ಎದ್ದು ಹಾಡಿ ಮತ್ತೆ ರೈಲು ಹತ್ತುತ್ತಿದ್ದಳು. ಯಾರಿಗೋಸ್ಕರ ಇದೆಲ್ಲ ಅಂತ ಯಾರೂ ಕೇಳಲಿಲ್ಲ, ಕೇಳಿದ್ದರೆ ಅವತ್ತೇ ಮುಗಿಯುತ್ತಿತ್ತು.

ಮೂರನೆಯ ವಾರ ನಾವು ಬರುವಷ್ಟರಲ್ಲಿ ಅವನು ಒಳಗಿದ್ದ. ನೆಲದ ಮೇಲೆ ಕೂತು ಗೋಣಿಚೀಲ ಸುರಿದುಕೊಂಡಿದ್ದ. ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು, ಬಲಕ್ಕೋ ಎಡಕ್ಕೋ ಇಡುವುದು. ಮಂಡಿಯಲ್ಲಿ ಮಾಲು ನೋಡುವವರ ಥರವೇ. ನಾವು ಬಾಗಿಲಲ್ಲೇ ನಿಂತು ನೋಡಿದೆವು. ಎಡಗಡೆಯವನ್ನು ಅವನು ದೂರ ತಳ್ಳಿದ, ಅವು ಕೊಳೆತವು, ಮಂಕು ಸದ್ದು. ಬಲಗಡೆ ಉಳಿದವನ್ನು ಚೀಲಕ್ಕೆ ತುಂಬಿ, ಬಾಯನ್ನು ಬಿಗಿಯಾಗಿ ಕಟ್ಟದೆ ಸಡಿಲ ಬಿಟ್ಟು, ಸ್ಪೀಕರಿನ ಮೇಲೆ ಅಡ್ಡ ಮಲಗಿಸಿ ನನ್ನ ಕಡೆ ಕೈ ಮಾಡಿದ. ತಂತಿ ಎಳೆದೆ. ಮೊದಲು ಕಲಬೆರಕೆಯಾಗಿದ್ದ ಸದ್ದು ಈಗ ಒಂದೇ ಕೊರಳಿನ ಹಾಗೆ ಬಂತು. ಅಜ್ಜಂಪುರ ಡ್ರಮ್ಮಿನ ಹಿಂದಿನಿಂದ ಮೆಲ್ಲಗೆ, “ಯಗಟಿ ಅಜ್ಜ ಬಂದಂಗಾಯ್ತಲ್ಲೋ” ಅಂದ. ಯಗಟಿ ಅವನ ಕಡೆ ಒಂದು ಕೊಳೆತ ಕಾಯಿ ಎಸೆದ.

ಅಲ್ಲಿಂದ ಹಾಡುಗಳನ್ನು ಕಟ್ಟಿದವನು ಅವನೇ. ಎಲ್ಲಿ ಚೀಲ ಮಾತಾಡಬೇಕು, ಎಲ್ಲಿ ಅದನ್ನೂ ಕೈಯಿಂದ ಅದುಮಿ ಹಿಡಿಯಬೇಕು ಅಂತ ಸನ್ನೆಯಲ್ಲೇ ತೋರಿಸಿದ. ನಡೆ ಮೊದಲಿಗಿಂತ ನಿಧಾನವಾಯಿತು. ಗಿಟಾರು ಕಡಿಮೆಯಾಯಿತು. ಸುಮ್ಮನಿರುವ ಜಾಗಗಳು ಹೆಚ್ಚಾದವು. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಯಾರಾದರೂ ಇದನ್ನು ನಮ್ಮ ಮುಂದೆ ನುಡಿಸಿದ್ದರೆ, ಇದು ಮೆಟಲ್ ಅಲ್ಲ, ಭಜನೆ ಅಂತ ಎದ್ದು ಹೋಗುತ್ತಿದ್ದೆವು. ಆದರೂ ಒಂದು ಮಾತು ನಮ್ಮೆಲ್ಲರ ತಲೆಯಲ್ಲಿತ್ತು. ವೇದಿಕೆಯ ಮೇಲೆ, ಅಷ್ಟು ಜನರ ಮುಂದೆ, ಇವನು ಸುಮ್ಮನಿರುತ್ತಾನಾ?

ಬೆಂಗಳೂರಿಗೆ ನನ್ನ ಲಗೇಜ್ ಆಟೊದಲ್ಲಲ್ಲ, ಬಾಡಿಗೆ ವ್ಯಾನಿನಲ್ಲಿ ಹೋದೆವು. ಹಾಲಿನ ಬಾಗಿಲಲ್ಲಿ ಕಾವಲಿನವನು ಚೀಲ ಬಿಚ್ಚಿಸಿ ನೋಡಿ, ಒಳಗೆ ತಿನ್ನುವ ಸಾಮಾನು ಬಿಡುವುದಿಲ್ಲ ಅಂದ. ಇದು ವಾದ್ಯ ಅಂತ ಅವನನ್ನು ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು. ಸೌಂಡ್ ನೋಡಿಕೊಳ್ಳುವ ತಂಡದವರು ಯಾರು ಎಲ್ಲಿ ನಿಲ್ಲುತ್ತಾರೆ ಅನ್ನುವ ನಮ್ಮ ಹಳೆಯ ನಕ್ಷೆ ಇಟ್ಟುಕೊಂಡು ಮೈಕುಗಳನ್ನು ನಿಲ್ಲಿಸಿದ್ದರು. ತರೀಕೆರೆಯ ಮುಂದೊಂದು, ಯಗಟಿಯ ಮುಂದೊಂದು, ಚೀಲಕ್ಕೆ ಇಲ್ಲ. ಯಗಟಿಯ ಮುಂದಿನದನ್ನು ತೆಗೆಸೋಣ ಅಂತ ನಾನು ಹೋಗುವಷ್ಟರಲ್ಲಿ ದೀಪ ಆರಿತು.

ನುಡಿಸಿದೆವು. ಜನ ಕೇಳಿದರು, ಕೆಲವರು ಫೋನು ನೋಡಿಕೊಂಡರು. ಅವರು ಬಂದದ್ದು ಆಮೇಲೆ ಬರುವವರಿಗಾಗಿ. ಮುಂದಿನ ಸಾಲಿನಲ್ಲಿ ನಮ್ಮ ಹಳೆಯ ಆಲ್ಬಮ್ಮಿನ ಟೀಶರ್ಟ್ ಹಾಕಿದ ಒಬ್ಬನಿದ್ದ. ಪಾಪ, ಅಂಥವರು ಎಷ್ಟು ಜನ ಇದ್ದಾರು. ಎರಡು ಹಾಡು ಮುಗಿದ ಮೇಲೆ ಅವನು, “ಗುರೂ, ಗ್ರೌಲ್ ಎಲ್ಲಿ?” ಅಂತ ಕೇಳಿದ. ಬೈಗುಳವಲ್ಲ, ಸುಮ್ಮನೆ ಬಾಯಿಬಿಟ್ಟು ಕೇಳಿದ್ದು. ಪಕ್ಕದ ಒಂದಿಬ್ಬರು ಅದನ್ನೇ ಹೇಳಿದರು.

ಕೊನೆಯ ಹಾಡು, ಆ ಭಾನುವಾರ ಅಟ್ಟದ ಕೆಳಗೆ ನಿಂತುಹೋದ ಅದೇ ಹಾಡು. ತರೀಕೆರೆ ತನ್ನ ಎರಡು ಸಾಲು ಹಾಡಿ ಮುಗಿಸಿದಳು. ಯಗಟಿ ಮೈಕಿನ ಹತ್ತಿರ ಹೆಜ್ಜೆ ಇಟ್ಟ. ಅವನ ಎದೆ ತುಂಬಿಕೊಂಡದ್ದು ನನಗೆ ಪಕ್ಕದಿಂದ ಕಂಡಿತು. ಗುಟುರಿಗೆ ಮುಂಚೆ ಅವನು ಉಸಿರು ಎಳೆಯುವುದು ಹಾಗೆಯೇ. ತರೀಕೆರೆ ಕೀಬೋರ್ಡಿನಿಂದ ಕೈ ಎತ್ತಿಬಿಟ್ಟಳು. ನಾನು ತಂತಿ ಎಳೆದೆ, ಎಳೆಯದೆ ಇರಲು ಆಗುತ್ತಿರಲಿಲ್ಲ, ಅದು ಅದರ ಜಾಗ.

ಅವನು ಉಸಿರು ಬಿಟ್ಟ. ಮೈಕಿನ ಕುತ್ತಿಗೆ ಹಿಡಿದು ಬಗ್ಗಿಸಿ, ಸ್ಟ್ಯಾಂಡ್ ಸಮೇತ ಎಳೆದುಕೊಂಡು ಬಂದು ಗೋಣಿಚೀಲದ ಮುಂದೆ ಇಟ್ಟ. ಹಾಲಿನ ತುಂಬ ಲೊಡಲೊಡ ಅಂತ ಎದ್ದಿತು. ಅವನು ತಲೆ ತಗ್ಗಿಸಿ ಗಿಟಾರು ನುಡಿಸಿದ. ಹಾಡು ಮುಗಿಯುವವರೆಗೂ ಬಾಯಿ ತೆರೆಯಲಿಲ್ಲ.

ಚಪ್ಪಾಳೆ ಬಂತು, ಅಂಥ ಹೇಳಿಕೊಳ್ಳುವಂಥದ್ದೇನಲ್ಲ. ಆಮೇಲೆ ಆ ಹೊರದೇಶದವರು ನುಡಿಸಿದರು. ನಾವು ವೇದಿಕೆಯ ಪಕ್ಕದಲ್ಲೇ ನಿಂತು ಕೇಳಬಹುದಿತ್ತು. ಆದರೆ ತರೀಕೆರೆಗೆ ಬೆಳಗಿನ ಪಾಳಿ, ಅಜ್ಜಂಪುರನಿಗೆ ಹಳಿ. ಎರಡು ಹಾಡು ಕೇಳಿ ಹೊರಟುಬಿಟ್ಟೆವು. ತುಮಕೂರು ದಾಟುವಷ್ಟರಲ್ಲಿ ಎಲ್ಲರಿಗೂ ನಿದ್ದೆ. ಯಗಟಿ ಮಾತ್ರ ಚೀಲವನ್ನು ಕಾಲ ಹತ್ತಿರ ಇಟ್ಟುಕೊಂಡು ಎಚ್ಚರವಾಗಿದ್ದ. ನಾನು ಒಮ್ಮೆ ಕಣ್ಣು ಬಿಟ್ಟಾಗ ಮೆಲ್ಲಗೆ, ಹೊಸ ದನಿಯಲ್ಲಿ, “ಮಲಿಕ್ಕೋ ಬೀರೂರು” ಅಂದ. ಆ ದನಿ ಸಣ್ಣದು, ಮರಳು ಸುರಿದ ಹಾಗೆ. ಅವನದೇ ಅಂತ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು.

ನಾವು ಈಗಲೂ ಭಾನುವಾರ ಸೇರುತ್ತೇವೆ, ಎಲ್ಲ ಭಾನುವಾರ ಅಲ್ಲ. ನಾಲ್ಕನೆಯ ಆಲ್ಬಮ್ಮಿನಲ್ಲಿ ಗುಟುರು ಇಲ್ಲ. ಹಳೆಯವರು ಕೆಲವರು ನಮ್ಮನ್ನು ಬಿಟ್ಟುಹೋದರು, ಬ್ಯಾಂಡಿಗೆ ವಯಸ್ಸಾಯಿತು ಅಂತ ಬರೆದರು. ವಯಸ್ಸಾಗಿದೆ, ಅದರಲ್ಲಿ ಸುಳ್ಳೇನಿಲ್ಲ. ಆಂಪ್ಲಿಫೈಯರಿನ ಮೇಲಿನ ಸೀಮೆಸುಣ್ಣದ ಬರಹ ಎತ್ತಿ ಇಳಿಸುವಾಗ ಸವೆದು ಸವೆದು ಈಗ ‘ನನ್ ಜಾ’ ಅನ್ನುವಷ್ಟು ಮಾತ್ರ ಉಳಿದಿದೆ.

ಆ ವರ್ಷದ ಅಟ್ಟದ ಕಾಯಿ ಒಣಗಿದಾಗ ಮಾವ ನಮ್ಮನ್ನು ಕರೆಸಿದರು. ತಂತಿ ಎಳೆದೆ, ಮೂಲೆ ಮೂಲೆಯೂ ಉತ್ತರ ಕೊಟ್ಟಿತು. ಇಳಿಸಿ, ಸುಲಿದು, ಒಡೆದು, ಉಂಡೆ ಕೊಬ್ಬರಿಯನ್ನು ಚೀಲಕ್ಕೆ ತುಂಬಿ ಮಂಡಿಗೆ ಹಾಕಿದೆವು. ದೊಡ್ಡವರ ಮಾಲು ಈಗೆಲ್ಲ ಕಂಪ್ಯೂಟರ್ ಟೆಂಡರಿಗೆ ಹೋಗುತ್ತದೆ. ಮಾವನಂಥವರದು ಇನ್ನೂ ಬಾಯಿ ಹರಾಜು. ಯಗಟಿ ಮಂಡಿಗೆ ವಾಪಸಾಗಿ ಆಗ ಕೆಲವೇ ವಾರ ಆಗಿತ್ತು. ಅವನು ಮಾವನ ಚೀಲಗಳ ಪಕ್ಕ ಬಂದು ನಿಂತ. ಅವನ ದನಿ ಗದ್ದಲದ ಮೇಲೆ ಏಳಲಿಲ್ಲ. ಕೊಳ್ಳುವವರು ಒಬ್ಬೊಬ್ಬರಾಗಿ ಹತ್ತಿರ ಬಂದು, ಸುತ್ತ ಸೇರಿ, ಕಿವಿ ಕೊಟ್ಟು ನಿಂತರು. ಹಮಾಲರಿಗೆ ಯಾರೋ ಸುಮ್ಮನಿರಲು ಹೇಳಿದರು. ಅವನು ಮೆಲ್ಲಗೆ ದರ ಕೂಗುತ್ತ ಹೋಗಿ, ಕೊನೆಯ ದರಕ್ಕೆ ಮುಗಿಸಿ, ಚೀಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಪಕ್ಕದ ಈರುಳ್ಳಿ ಗುಡ್ಡೆಗೆ ಹೋದ.